ಬಿಟ್ಟಿ ಸಿಕ್ಕ ಅರ್ಧ ಹಾಡು

ಜನವರಿ 8

ಪ್ರೀತಿಯ ಮಾವ,

ಹುಟ್ಟುಹಬ್ಬದ ಕಾರ್ಡು ತಲುಪಿತು. ಪ್ರತಿ ವರ್ಷ ನಿಮ್ಮ ಕಾರ್ಡು ಬರುತ್ತದೆ, ಪ್ರತಿ ವರ್ಷ ಉತ್ತರ ಬರೆಯಬೇಕು ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಸೋಮಾರಿತನ ಗೆಲ್ಲುತ್ತದೆ. ಈ ಸಲ ಬರೆಯುತ್ತಿರುವುದು ನಿಮ್ಮಿಂದ ಕೆಲಸ ಆಗಬೇಕಾಗಿರುವುದರಿಂದ. ಬೈದುಕೊಂಡಾದರೂ ಓದಿ.

ನಾನೊಂದು ಪಿಟೀಲು ಕೊಂಡೆ. ಹಳೆ ಸಾಮಾನಿನ ಅಂಗಡಿಯಲ್ಲಿ ಕೆಟ್ಟ ಹೊಲಿಗೆ ಯಂತ್ರದ ಪಕ್ಕ ಮಲಗಿತ್ತು. "ಸ್ವಲ್ಪ ದೊಡ್ಡದಾಯ್ತಲ್ಲಾ?" ಅಂದೆ. "ದೊಡ್ಡೋರಿಗೆ ದೊಡ್ಡದು, ಮಕ್ಕಳಿಗೆ ಚಿಕ್ಕದು" ಅಂದ ಅಂಗಡಿಯವನು. ದಿನವಿಡೀ ಕಂಡವರ ಬಾಯಿಯ ಅಳತೆಗೆ ಹಲ್ಲಿನ ಸೆಟ್ಟು ಮಾಡುವವಳಿಗೇ ಅಳತೆಯಲ್ಲಿ ಟೋಪಿ ಬಿತ್ತು. ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಅಮ್ಮ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಅದು ಪಿಟೀಲಲ್ಲ" ಅಂದಳು, ಒಳಗೆ ಹೋದಳು. ಆಮೇಲೆ ನಾನೇ ಹುಡುಕಿ ತಿಳಿದುಕೊಂಡೆ, ಅದು ವಯೋಲಾ, ಪಿಟೀಲಿನ ದಪ್ಪ ದನಿಯ ಅಣ್ಣ. ನಿಮ್ಮ ವಾದ್ಯ.

ಈಗ ತೊಂದರೆ ಇದು. ಪಿಟೀಲಿಗೆ ಬಿಟ್ಟಿ ಸಂಗೀತದ ಹಾಳೆಗಳು ರಾಶಿ ರಾಶಿ ಸಿಗುತ್ತವೆ. ವಯೋಲಾಕ್ಕೆ ಅಂತ ಹುಡುಕಿದರೆ "ನೀವು ಪಿಟೀಲು ಎಂದು ಹೇಳಲು ಬಯಸಿದಿರಾ?" ಎಂದು ಕಂಪ್ಯೂಟರೇ ಬುದ್ಧಿ ಹೇಳುತ್ತದೆ. ಪಿಟೀಲಿನ ಹಾಳೆ ಇಟ್ಟುಕೊಂಡು ಕೂತರೆ ಅದಕ್ಕೆ ಬೇಕಾದ ಸಣ್ಣ ತಂತಿ ಇದರಲ್ಲಿಲ್ಲ, ಇದರಲ್ಲಿರುವ ದಪ್ಪ ತಂತಿಗೆ ಅದರಲ್ಲಿ ಕೆಲಸವಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ವಾದ್ಯಕ್ಕೇ ಕೈ ಬರಿದಾಗಿದೆ, ಪುಸ್ತಕ ಕೊಳ್ಳುವ ಹಾಗಿಲ್ಲ. ಬಿಟ್ಟಿ ಹಾಳೆ ಎಲ್ಲಿ ಸಿಗುತ್ತದೆ, ಹೇಳಿ.

ಉತ್ತರವನ್ನು ನಮ್ಮ ಲ್ಯಾಬಿನ ವಿಳಾಸಕ್ಕೇ ಬರೆಯಿರಿ. ಅಕ್ಕ ತಮ್ಮಂದಿರಾದ ಅಮ್ಮನೂ ನೀವೂ ಮಾತು ಬಿಟ್ಟಾಗ ನಾನು ಮೂರನೇ ಕ್ಲಾಸು. ಯಾಕೆ ಅಂತ ಇವತ್ತಿನವರೆಗೂ ನನಗೆ ಯಾರೂ ಹೇಳಿಲ್ಲ. ಅದೂ ಬಿಟ್ಟಿಯಾಗಿ ಸಿಕ್ಕರೆ ಬೇಡ ಅನ್ನುವುದಿಲ್ಲ.

ನಿಮ್ಮ ಜೀರುಂಡೆ


ಜನವರಿ 19

ಜೀರುಂಡೆ,

ಚಿಕ್ಕವಳಿದ್ದಾಗ ನೀನು ಬಾಯಿ ಮುಚ್ಚುತ್ತಿರಲಿಲ್ಲ ಅಂತ ಆ ಹೆಸರಿಟ್ಟೆ. ಈಗ ಕೈಯಲ್ಲೂ ಕಿರ್‌ಗುಟ್ಟುವ ಸಾಮಾನು ಹಿಡಿದಿದ್ದೀಯ. ನಿಮ್ಮ ಬೀದಿಯವರನ್ನು ದೇವರೇ ಕಾಪಾಡಲಿ.

ನಾನು ಈಗ ವಾದ್ಯಗೋಷ್ಠಿಯಲ್ಲಿ ನುಡಿಸುತ್ತಿಲ್ಲ. ಭುಜ ಕೈಕೊಟ್ಟ ಮೇಲೆ ಅದೇ ರಂಗಮಂದಿರದ ನೆಲಮಾಳಿಗೆಯಲ್ಲಿ ಹಾಳೆಗಳ ಉಸ್ತುವಾರಿ. ಕಾರ್ಯಕ್ರಮಕ್ಕೆ ಮುಂಚೆ ಪ್ರತಿಯೊಬ್ಬರ ಸ್ಟ್ಯಾಂಡಿನ ಮೇಲೆ ಅವರವರ ಹಾಳೆ ಇಡುವುದು, ಮುಗಿದ ಮೇಲೆ ತಂದು ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಉಜ್ಜುವುದು. ಬಾಡಿಗೆಗೆ ತಂದ ಹಾಳೆಯನ್ನು ಹಾಗೆಯೇ ಹಿಂದಿರುಗಿಸಿದರೆ ದಂಡ. ಒಬ್ಬ ವಾದಕ ಎಲ್ಲಿ ಹೆದರಿದ, ಎಲ್ಲಿ ತಪ್ಪಿದ, ಎಲ್ಲಿ ಬೇಸತ್ತು ಬೆಕ್ಕಿನ ಚಿತ್ರ ಬಿಡಿಸಿದ, ಎಲ್ಲವನ್ನೂ ನೋಡಿ ಅಳಿಸುವವನು ನಾನು.

ಬಿಟ್ಟಿಯ ವಿಷಯಕ್ಕೆ ಬರೋಣ. ಹಾಡು ಬರೆದವನು ಸತ್ತು ಸಾಕಷ್ಟು ವರ್ಷವಾಗಿದ್ದರೆ ಅದು ಊರ ಬಾವಿ, ಯಾರು ಬೇಕಾದರೂ ಸೇದಬಹುದು. ಆದರೆ ಈಗಿನ ಪ್ರಕಾಶಕ ಅದನ್ನೇ ಹೊಸದಾಗಿ ತಿದ್ದಿ ಅಚ್ಚು ಹಾಕಿದ್ದರೆ ಬಾವಿ ನಿನ್ನದು, ಹಗ್ಗ ಅವನದು. ಆದ್ದರಿಂದ ಹಳೆಯ ಮುದ್ರಣವನ್ನೇ ಹುಡುಕು. ದೊಡ್ಡ ಗ್ರಂಥಾಲಯಗಳು ಅಂಥವನ್ನು ಫೋಟೊ ತೆಗೆದು ಅಂತರ್ಜಾಲದಲ್ಲಿ ಸುಮ್ಮನೆ ಇಟ್ಟಿರುತ್ತವೆ. ಹುಡುಕುವಾಗ ವಯೋಲಾ ಅಂತ ಮಾತ್ರ ಕೇಳಬೇಡ, ಚೆಲ್ಲೊ ಅಂತಲೂ ಕೇಳು. ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ಹಿಡಿದು ನುಡಿಸುವ ಆ ದೊಡ್ಡ ವಾದ್ಯದ ನಾಲ್ಕು ತಂತಿಗಳಿಗೂ ನಮ್ಮ ನಾಲ್ಕಕ್ಕೂ ಅವೇ ಹೆಸರು, ಅವು ಒಂದು ಸ್ಥಾಯಿ ಕೆಳಗೆ ಅಷ್ಟೇ. ಸಾಲಿನ ಮೊದಲಿಗೆ ಬರುವ ಸ್ವರದ ಗುರುತು ಬೇರೆ, ಅದನ್ನು ನಮ್ಮದಕ್ಕೆ ಬದಲಿಸಿ ಕೈಯಲ್ಲಿ ಬರೆದುಕೋ, ಅಕ್ಷರಾಭ್ಯಾಸವೂ ಆಗುತ್ತದೆ. ಸದ್ಯಕ್ಕೆ ಬೆರಳಿನ ಪಾಠ ಆರು ಹಾಳೆ ಕಳಿಸಿದ್ದೇನೆ. ನೀರಸವಾಗಿವೆ, ಮಾಡು.

ನಿಮ್ಮಮ್ಮನ ಮಂಡಿನೋವು ಹೇಗಿದೆ? ಸುಮ್ಮನೆ ಕೇಳಿದೆ.

ಮಾವ


ಫೆಬ್ರವರಿ 2

ಮಾವ,

ಅಮ್ಮನಿಗೆ ಮಂಡಿನೋವಿದೆ ಅಂತ ನಿಮಗೆ ಹೇಳಿದವರು ಯಾರು? ನಾನಂತೂ ಬರೆದಿರಲಿಲ್ಲ. ಜಗಳದ ಬಗ್ಗೆ ಮಾತ್ರ ಅಡ್ಡಗೋಡೆಯ ಮೇಲೂ ದೀಪ ಇಡಲಿಲ್ಲ ನೀವು.

ನಿಮ್ಮ ಮಾತು ಕೇಳಿ ಬಾವಿ ಹುಡುಕಿ ಹೊರಟೆ. "ಸಂಪೂರ್ಣ ಉಚಿತ" ಅಂತ ಕೂಗುತ್ತಿದ್ದ ಒಂದು ಜಾಲತಾಣ ಮೊದಲ ಪುಟ ತೋರಿಸಿತು, ಎರಡನೆಯದು ತೋರಿಸಿತು, ಹಾಡು ಇನ್ನೇನು ಬಿಸಿಯಾಗಬೇಕು ಅನ್ನುವಾಗ ಕಾರ್ಡಿನ ನಂಬರು ಕೇಳಿತು. ಇನ್ನೊಂದರಲ್ಲಿ ಬಿಟ್ಟಿ ಹಾಳೆಯ ಜೊತೆಗೆ ಬಿಟ್ಟಿ ವೈರಸ್ಸೂ ಬಂದು ಲ್ಯಾಬಿನ ಕಂಪ್ಯೂಟರು ಒಂದು ದಿನ ಮಲಗಿತು. ನಮ್ಮ ಡಾಕ್ಟರು "ಹಲ್ಲಿನ ಲೆಕ್ಕ ಎಲ್ಲಮ್ಮಾ?" ಅಂತ ಕೇಳಿದಾಗ ಏನು ಹೇಳಲಿ? ಕೊನೆಗೆ ಒಂದು ಗ್ರಂಥಾಲಯದ ಸಂಗ್ರಹ ಸಿಕ್ಕಿತು. ಅಲ್ಲಿ ಕೂತರೆ ಏಳಲು ಮನಸ್ಸೇ ಬರುವುದಿಲ್ಲ ಮಾವ. ನೂರಾರು ವರ್ಷದ ಹಿಂದಿನ ಯಾರದೋ ಕಾಫಿ ಕಲೆ ಕೂಡ ಫೋಟೊದಲ್ಲಿ ಬಂದಿದೆ! ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ನುಡಿಸಲು ಬರದವುಗಳನ್ನೂ ಇಳಿಸಿಕೊಂಡೆ. ಚೆಲ್ಲೊದ ಒಂದು ಪುಟ ಬದಲಿಸಿ ಬರೆದೆ. ಮೇಣದಲ್ಲಿ ಹಲ್ಲು ಕೆತ್ತುವುದಕ್ಕಿಂತ ಕಷ್ಟ.

ಬೆರಳಿನ ಪಾಠ ದಿನವೂ ಮಾಡುತ್ತಿದ್ದೇನೆ, ಬಾಗಿಲು ಹಾಕಿಕೊಂಡು. ಅಮ್ಮ ಏನೂ ಅನ್ನುವುದಿಲ್ಲ, ಟೀವಿಯ ದನಿ ಹೆಚ್ಚಿಸುತ್ತಾಳೆ.

ಅಂದ ಹಾಗೆ ಮನೆಯಲ್ಲಿ ಬೇಡದ ಸಾಮಾನು ಖಾಲಿ ಮಾಡುವ ಕೆಲಸ ನಡೆದಿದೆ. ಮಂಚದ ಕೆಳಗಿರುವ, ನನಗೆ ಮುಟ್ಟಲೂ ಬಿಡದ ತನ್ನ ಹಳೆ ಪಿಟೀಲನ್ನು ಅಮ್ಮ ಇಲ್ಲೇ ಹತ್ತಿರದ ಶಾಲೆಗೆ ಕೊಡುತ್ತಾಳಂತೆ. ಸಂಗೀತದ ಮೇಡಂ ಮಾರ್ಚ್ ಕೊನೆಯ ಶನಿವಾರ ಬಂದು ಒಯ್ಯುತ್ತಾರೆ. ನಾನೂ ಒಳ್ಳೆಯದಾಯಿತು ಅಂದೆ, ಮಂಚದ ಕೆಳಗೆ ಗುಡಿಸಲು ಸಲೀಸು.

ನಿಮ್ಮ ಜೀರುಂಡೆ


ಫೆಬ್ರವರಿ 5

ಜೀರುಂಡೆ,

ಚೆಲ್ಲೊ ಬಿಡು. ಬೆರಳಿನ ಪಾಠವನ್ನೂ ಬಿಡು. ಇದರ ಜೊತೆಗಿರುವ ಎರಡು ಹಾಳೆ ಕಲಿ. ನಕಲಲ್ಲ, ನನ್ನವೇ. ಮಡಿಸಬೇಡ.

ನಿಧಾನವಾಗಿ ನುಡಿಸು. ಅಡ್ಡಗೆರೆಗಳ ನಡುವಿನ ಒಂದೊಂದು ಮನೆಗೂ ನಾಲ್ಕು ಎಣಿಕೆ. ಖಾಲಿ ಮನೆಗಳು ಬಂದರೆ ಹಾರಬೇಡ, ಕಮಾನು ಎತ್ತಿ ಹಿಡಿದು ಎಣಿಸು. ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಬೇಡ, ಮರದ ವಾದ್ಯಕ್ಕೆ ಗಾಳಿ ಬೇಕು.

ಮಾವ


ಫೆಬ್ರವರಿ 24

ಮಾವ,

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಬಿಟ್ಟಿ ಕೊಟ್ಟಿದ್ದಕ್ಕೆ ಹೀಗೆ ಬರೆಯಬಾರದು, ಆದರೂ ಬರೆಯುತ್ತೇನೆ. ಇದೆಂಥ ಹಾಡು ಕಳಿಸಿದಿರಿ?

ಹೆಸರಿರುವ ಮೇಲಿನ ತುದಿ ಹರಿದುಹೋಗಿದೆ, ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಎಂಟು ಮನೆ ತುಂಬ ಬರೀ ಪುಂ-ಪುಂ-ಪುಂ. ಆಮೇಲೆ ನಾಲ್ಕು ಮನೆ ಖಾಲಿ. ಮತ್ತೆ ಪುಂ-ಪುಂ. ಒಂದು ಕಡೆ ಮಾತ್ರ ಸ್ವಲ್ಪ ರಾಗದ ಹಾಗೆ ಏನೋ ಏಳುತ್ತದೆ, ಅಯ್ಯೋ ಬಂತು ಅನ್ನುವಷ್ಟರಲ್ಲಿ ಮತ್ತೆ ಖಾಲಿ. ಬರೆಯುವಾಗ ಇವನಿಗೆ ನಡುನಡುವೆ ನಿದ್ದೆ ಬರುತ್ತಿತ್ತಾ? ನನಗೆ ಇಂಪಾದದ್ದು ಏನಾದರೂ ನುಡಿಸುವ ಆಸೆ ಇತ್ತು. ಇದನ್ನು ಕೇಳಿದರೆ ಎಮ್ಮೆ ಕೂಡ ಎದ್ದು ಹೋಗುತ್ತದೆ.

ಎರಡನೆಯ ಹಾಳೆಯ ನಡುವೆ ಒಂದು ಖಾಲಿ ಮನೆಯ ಮೇಲೆ ಪೆನ್ಸಿಲಿನಲ್ಲಿ ಪುಟ್ಟ ಕನ್ನಡಕ ಬಿಡಿಸಿದ್ದೀರಿ. ಯಾಕೆ? ಊರಿನವರದ್ದೆಲ್ಲ ಉಜ್ಜುವ ನೀವು ನಿಮ್ಮದನ್ನು ಉಜ್ಜಿಲ್ಲವಲ್ಲ!

ಇನ್ನೊಂದು ವಿಚಿತ್ರ. ಮೊನ್ನೆ ಬಾಗಿಲು ತೆರೆದಿಟ್ಟೇ ನುಡಿಸುತ್ತಿದ್ದೆ. ಎಣಿಸಿ ಎಣಿಸಿ ಬೇಸರವಾಗಿ ಖಾಲಿ ಮನೆಗಳನ್ನು ಹಾರಿಬಿಟ್ಟೆ. ಅಡುಗೆಮನೆಯಿಂದ ಅಮ್ಮ ಕೂಗಿದಳು, "ಅಲ್ಲಿ ಇನ್ನೂ ಎರಡು ಮನೆ ಇದೆ, ನುಂಗ್ಬೇಡ!" ನಾನು ಬೆಪ್ಪಾಗಿ ನಿಂತೆ. ನನ್ನ ಗಲಾಟೆ ಅವಳಿಗೆ ಅಷ್ಟು ಬಾಯಿಪಾಠವಾಗಿದೆ ಅಂತ ಕಾಣುತ್ತದೆ. ಪಾಪ, ನಾಳೆಯಿಂದ ಬಾಗಿಲು ಹಾಕಿಕೊಳ್ಳುತ್ತೇನೆ.

ನಿಮ್ಮ ಜೀರುಂಡೆ


ಮಾರ್ಚ್ 1

ಜೀರುಂಡೆ,

ಬಾಗಿಲು ಹಾಕಬೇಡ!

ನಿಮ್ಮಮ್ಮ ಅಂದದ್ದು "ಎರಡು ಮನೆ" ಅಂತಲೇ? ಕೋಪದಲ್ಲಿ ಅಂದಳೋ, ಸುಮ್ಮನೆ ಅಂದಳೋ? ಅಂದ ಮೇಲೆ ಏನು ಮಾಡಿದಳು? ಟೀವಿ ಹಾಕಿತ್ತಾ, ಆರಿಸಿತ್ತಾ? ಎಲ್ಲ ಬಿಡಿಸಿ ಬರಿ.

ಕನ್ನಡಕದ ಬಗ್ಗೆ ಆಮೇಲೆ ಹೇಳುತ್ತೇನೆ. ಇನ್ನೂ ನಿಧಾನ ಮಾಡು.

ಮಾವ


ಮಾರ್ಚ್ 14

ಮಾವ,

ಮೀನು ಹಿಡಿಯುವವನು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಾನಲ್ಲ, ಆ ಹುಳ ನಾನು. ಈಗ ಗೊತ್ತಾಯಿತು.

ಭಾನುವಾರ ಅಮ್ಮ ಊಟದ ಮೇಜಿನ ಹತ್ತಿರ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಟೀವಿ ಹಾಕಿರಲಿಲ್ಲ. ನಾನು ಒಳಗೆ ಪುಂ-ಪುಂ ಮುಗಿಸಿ ಕಮಾನು ಎತ್ತಿ ಎಣಿಸುತ್ತಿದ್ದೆ. ಒಂದು, ಎರಡು. ಆಗ ಕೇಳಿಸಿತು. ಅಮ್ಮ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಾಳೆ. ನಾಲ್ಕು ಮನೆ ತುಂಬ ಗುನುಗಿದಳು, ನಾನು ಶುರು ಮಾಡಬೇಕಾದ ಜಾಗಕ್ಕೆ ಸರಿಯಾಗಿ ತಂದು ಬಿಟ್ಟಳು. ನನ್ನ ಕೈಗೆ ಎಲ್ಲಿಂದ ಧೈರ್ಯ ಬಂತೋ, ನುಡಿಸುತ್ತಲೇ ಹೋದೆ. ನನ್ನ ಆ ದರಿದ್ರ ಪುಂ-ಪುಂ ಮೇಲೆ ಅವಳ ದನಿ ಹತ್ತಿ ನಡೆಯಿತು. ಅಷ್ಟು ಚೆಂದದ್ದನ್ನು ನಾನು ಹತ್ತಿರದಿಂದ ಕೇಳಿದ್ದೇ ಇಲ್ಲ. ಅದರ ಕೆಳಗಿನ ಅರ್ಧ ನನ್ನದೇ ಕೈಯಿಂದ ಬರುತ್ತಿತ್ತು.

ಹೊರಗೆ ಬಂದು ಕೇಳಿದೆ, "ಅಮ್ಮಾ, ಇದು ಇಬ್ಬರು ನುಡಿಸೋ ಹಾಡಾ?" ಅವಳು ಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಆ ಹಾಳೆ ನಿನಗೆ ಎಲ್ಲಿ ಸಿಗ್ತು ಅಂತ ನಾನು ಕೇಳ್ಲಿಲ್ಲ ನೋಡು. ನೀನೂ ಕೇಳ್ಬೇಡ" ಅಂದಳು. ನಾನು ಬಿಡಲಿಲ್ಲ. ಕೊನೆಗೆ ಚಾಕು ಕೆಳಗಿಟ್ಟು ಅಂದಳು, "ಓಡಬೇಕಾದ ಹಾಡನ್ನ ನಿಮ್ಮ ಮಾವ ಹೆಣ ಹೊತ್ತಂಗೆ ನಡೆಸಿದ. ಜನ ಆಕಳಿಸ್ತಿದ್ರು. ನಾನು ಮುಗಿಸ್ದೆ, ಅವನು ಇನ್ನೂ ಕುಯ್ತಾ ಕೂತಿದ್ದ. ಒಂದ್ಸಲ ತಲೆ ಎತ್ತಿ ನನ್ನ ನೋಡ್ಬಾರ್ದಾ? ಅವತ್ತಿಂದ ಮಾತಿಲ್ಲ."

ಅಷ್ಟೇನಾ ಮಾವ? ಆಸ್ತಿ ಅಲ್ಲ, ಮದುವೆ ಅಲ್ಲ, ಮೋಸ ಅಲ್ಲ. ನಾನು ಮೂರನೇ ಕ್ಲಾಸಿನಿಂದ ಇವತ್ತಿನವರೆಗೆ ಮಾವನಿಲ್ಲದೆ ಬೆಳೆದದ್ದು ಒಂದು ಹಾಡು ಎಷ್ಟು ವೇಗವಾಗಿ ಹೋಗಬೇಕು ಅನ್ನುವುದಕ್ಕಾ? ನನಗೆ ನಗು ಬಂತು, ಆಮೇಲೆ ವಿಪರೀತ ಸಿಟ್ಟು ಬಂತು. ಈಗ ನಿಮ್ಮ ಕಡೆಯ ಮಾತು ಹೇಳಿ.

ಮೇಡಂ ಬರುವ ಶನಿವಾರ ಬದಲಾಗಿಲ್ಲ. ಅಮ್ಮ ಪೆಟ್ಟಿಗೆಯನ್ನು ಈಗಲೇ ಬಾಗಿಲ ಹತ್ತಿರ ತಂದಿಟ್ಟಿದ್ದಾಳೆ.

ಜೀರುಂಡೆ


ಮಾರ್ಚ್ 19

ಜೀರುಂಡೆ,

ಬೈದದ್ದು ಸರಿ. ಹುಳವನ್ನು ಕೇಳಿ ಗಾಳಕ್ಕೆ ಹಾಕಬೇಕಿತ್ತು.

ನನ್ನ ಕಡೆಯ ಮಾತು ಇದು. ಒಂದು ಮದುವೆಯ ಔತಣ. ಅಕ್ಕನ ಪಿಟೀಲು, ನನ್ನ ವಯೋಲಾ, ಇಬ್ಬರೇ. ಆ ಹಾಡು ನಡೆಯಬೇಕಾದ ಹಾಡು, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಅವಳು ಓಡಿದಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೋಣ ಯಾರು ಅಂತ ನಿಮ್ಮಮ್ಮನನ್ನು ಕೇಳು, ಹೇಳುತ್ತಾಳೆ. ಅವಳು ಮುಗಿಸಿಬಿಟ್ಟಳು. ನನಗೆ ಇನ್ನೂ ಎರಡು ಮನೆ ಇತ್ತು. ಜನ ಚಪ್ಪಾಳೆ ತಟ್ಟಿದರು, ಅದರ ನಡುವೆ ನಾನೊಬ್ಬನೇ ಪುಂ-ಪುಂ ಅನ್ನುತ್ತಿದ್ದೆ. ಚಪ್ಪಾಳೆ ನಗೆಯಾಯಿತು. ಬಸ್ ನಿಲ್ದಾಣದಲ್ಲಿ ಅವಳು ನನ್ನನ್ನು ಆಮೆಗಾಲ ಅಂದಳು, ನಾನು ಅವಳನ್ನು ಓಡುಗಾಲಿ ಅಂದೆ. ಅವಳು ಮೊದಲ ಬಸ್ಸು ಹತ್ತಿದಳು, ನಾನು ಬೇಕಂತಲೇ ಮುಂದಿನದಕ್ಕೆ ಕಾದೆ. ನಾವು ಹಿಡಿದ ಮೊಲಕ್ಕೆ ಮೂರೇ ಕಾಲು, ಇಬ್ಬರದೂ. ಮೊದಲ ವಾರ ಯಾರಾದರೂ ಒಬ್ಬರು ಬರೆದಿದ್ದರೆ ಮುಗಿಯುತ್ತಿತ್ತು. ಆಮೇಲೆ ಬರೆಯಲು ಕಾರಣ ಬೇಕಾಯಿತು, ಕಾರಣ ಸಿಗಲೇ ಇಲ್ಲ.

ಕನ್ನಡಕ ಅಂದರೆ ವಾದಕರ ರೂಢಿ. ಎಲ್ಲಿ ಹಾಳೆಯಿಂದ ಕಣ್ಣೆತ್ತಿ ಜೊತೆಗಾರರನ್ನು ನೋಡಲೇಬೇಕೋ ಅಲ್ಲಿ ಅದನ್ನು ಬಿಡಿಸಿಕೊಳ್ಳುತ್ತೇವೆ. ಆ ಮನೆಯಲ್ಲಿ ಅವಳು ಯಾವಾಗಲೂ ಓಟ ಕೀಳುತ್ತಿದ್ದಳು, ಅದಕ್ಕೆ ಬಿಡಿಸಿದ್ದೆ. ಅವತ್ತೂ ನೋಡಿದೆ. ಕಣ್ಣೆತ್ತದವಳು ಅವಳು.

ಸಾವಿರಾರು ಹಾಳೆ ಉಜ್ಜಿದ್ದೇನೆ, ಆ ಕನ್ನಡಕ ಉಜ್ಜಲು ಮನಸ್ಸು ಬರಲಿಲ್ಲ. ಆ ಪಿಟೀಲು ಮನೆಯಿಂದ ಆಚೆ ಹೋದರೆ ಹಾಡು ಹೋದ ಹಾಗೆಯೇ ಜೀರುಂಡೆ. ನನ್ನ ಅರ್ಧ ಇಟ್ಟುಕೊಂಡು ನಾನೇನು ಮಾಡಲಿ? ನನಗೆ ನನ್ನ ಅಕ್ಕ ಬೇಕು. ಹೇಗೆ ಕೇಳುವುದೆಂದು ತಿಳಿಯದೆ ನಿನ್ನ ಕೈಯಲ್ಲಿ ನುಡಿಸಿ ಕೇಳಿದೆ.

ಮಾವ


ಮಾರ್ಚ್ 30

ಮಾವ,

ಕೂತುಕೊಂಡು ಓದಿ.

ಶನಿವಾರ ಬೆಳಿಗ್ಗೆ ನಿಮ್ಮ ಪತ್ರವನ್ನು ಅಮ್ಮನ ತಟ್ಟೆಯ ಪಕ್ಕ ಇಟ್ಟು ನಾನು ಸ್ನಾನಕ್ಕೆ ಹೋದೆ. ಬಂದಾಗ ಪತ್ರ ಅಲ್ಲೇ ಇತ್ತು, ತಿಂಡಿಯೂ ಅಲ್ಲೇ ಇತ್ತು. ಅಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಪಿಟೀಲಿನ ಪೆಟ್ಟಿಗೆ ತೆರೆಯುತ್ತಿದ್ದಳು, ಆ ಮಂಡಿ ಇಟ್ಟುಕೊಂಡು! "ಕೊಡೋ ಮುಂಚೆ ಧೂಳಾದ್ರೂ ಒರೆಸ್ಬೇಡ್ವಾ" ಅಂದಳು. ಒಂದು ತಂತಿ ತುಂಡಾಗಿತ್ತು. ಉಳಿದ ಮೂರನ್ನು ಕಿವಿ ಹತ್ತಿರ ಇಟ್ಟು ಮೀಟಿದಳು, ಬಿಗಿ ಮಾಡಿದಳು, ಮತ್ತೆ ಮೀಟಿದಳು. ಪೆಟ್ಟಿಗೆಯ ಮುಚ್ಚಳದಲ್ಲಿ ಅವಳ ಹಾಳೆ ಸಿಕ್ಕಿಸಿತ್ತು.

ಮಾವ, ಅದೇ ಮನೆಯ ಮೇಲೆ ಅವಳ ಹಾಳೆಯಲ್ಲೂ ಕನ್ನಡಕ ಇದೆ. ನಿಮ್ಮದಕ್ಕಿಂತ ದೊಡ್ಡದು, ಎರಡೆರಡು ಸಲ ತಿದ್ದಿ ಬಿಡಿಸಿದ್ದು. ನಾನು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ಅಮ್ಮ ಒಂದು ಕನ್ನಡಕದಿಂದ ಇನ್ನೊಂದಕ್ಕೆ ಬೆರಳು ಓಡಿಸಿದಳು.

"ನಾನೂ ನೋಡ್ದೆ ಅವತ್ತು. ನಿಜವಾಗ್ಲೂ ನೋಡ್ದೆ" ಅಂದಳು.

"ಇಬ್ರೂ ನೋಡಿದ್ರೆ ಕಣ್ಣಿಗೆ ಕಣ್ಣು ಸಿಗ್ಬೇಕಿತ್ತಲ್ಲಮ್ಮಾ?"

"ಅವನ ಕಮಾನು ನೋಡ್ದೆ. ಎಷ್ಟು ನಿಧಾನ ಎಳೀತಾನೆ ನೋಡು ಅಂತ. ಮುಖ ನೋಡ್ಲಿಲ್ಲ" ಅಂದಳು. ಹಾಗಂದು ಅತ್ತುಬಿಟ್ಟಳು. ನಾನೂ ಅತ್ತೆ.

ಅಷ್ಟರಲ್ಲಿ ಶಾಲೆಯ ಮೇಡಂ ಬಂದರು. ಬಾಗಿಲು ತೆರೆದರೆ ತಾಯಿ ಮಗಳು ನೆಲದ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದೇವೆ. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ಪಾಪ ಚಪ್ಪಲಿ ಬಿಟ್ಟು ಮೆಲ್ಲಗೆ ಬಂದು ಕೂತರು. ಅಮ್ಮ ಅವರಿಗೆ ಕಾಫಿ ಕೊಟ್ಟು, "ಪಿಟೀಲು ಕೊಡಲ್ಲ, ಕ್ಷಮಿಸಿ. ಬಂದಿದ್ದೀರಲ್ಲ, ಒಂದು ಹಾಡು ಕೇಳಿಸ್ಕೊಂಡು ಹೋಗಿ" ಅಂದಳು. ಮೂರು ತಂತಿಯಲ್ಲೇ ನುಡಿಸಿದಳು. ವೇಗ ನನ್ನದು, ಅಂದರೆ ಆಮೆಯದು. ಅಮ್ಮನಿಗೆ ಓಡಲು ಕಾಲು ತುರಿಸುತ್ತಿತ್ತು, ಆದರೂ ಕಾದಳು. ಕನ್ನಡಕದ ಮನೆ ಬಂದಾಗ ನಾನು ಹೆದರಿ ಹಾಳೆಯಲ್ಲೇ ಮುಖ ಹುದುಗಿಸಿದ್ದೆ. ಅವಳು ಪಕ್ಕದಿಂದ ನನ್ನ ಪಾದ ತುಳಿದು "ಕಣ್ಣೆತ್ತು" ಅಂದಳು. ಎತ್ತಿದೆ. ಅವಳ ಮುಖ ಹೇಗಿತ್ತು ಅಂತ ನನಗೆ ಬರೆಯಲು ಬರುವುದಿಲ್ಲ, ನೀವೇ ಬಂದು ನೋಡಬೇಕು.

ಇಲ್ಲಿಂದ ಕೆಳಗೆ ಅಮ್ಮನ ಕೈಬರಹ. ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

*ಹುಡುಗಿಯ ಕೈ ಪರವಾಗಿಲ್ಲ, ಕಮಾನು ಹಿಡಿಯುವುದು ಪೊರಕೆ ಹಿಡಿದ ಹಾಗೆ. ಪತ್ರದಲ್ಲಿ ಕಲಿಸುವ ವಿದ್ಯೆಯಾ ಇದು? ಬಂದು ತಿದ್ದು. ಆ ಹಾಡು ಓಡಬೇಕಾದ ಹಾಡೇ, ತಿಳಿದಿರಲಿ. ಭುಜ ಕೈಕೊಟ್ಟಿದೆಯಂತೆ, ಏನಾಗಿದೆ ನಿನಗೆ?*


ಏಪ್ರಿಲ್ 3

ಅಕ್ಕಾ,

ಈ ಎರಡಕ್ಷರ ಬರೆದು, ಎದ್ದು ಹೋಗಿ ಬಸ್ಸಿನ ವೇಳೆ ನೋಡಿಕೊಂಡು ಬಂದೆ.

ಭುಜ ಮೇಲೆತ್ತಿದರೆ ನೋಯುತ್ತದೆ, ಒಂದು ಹಾಡಿನ ಮಟ್ಟಿಗೆ ತಡೆಯುತ್ತದೆ. ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ, ಮುಂದಿನದಕ್ಕೆ ಕಾಯುವುದಿಲ್ಲ. ನಿನ್ನ ಪಿಟೀಲಿಗೆ ಒಂದು ತಂತಿ ತರುತ್ತಿದ್ದೇನೆ. ಜೀರುಂಡೆಗೆ ಅಂತ ಹಾಳೆಗಳ ಒಂದು ಕಟ್ಟು ಇದೆ, ಎಲ್ಲ ಬಿಟ್ಟಿ, ಎಲ್ಲ ಪೂರ್ತಿ ಹಾಡುಗಳು. ಅವಳನ್ನು ಇನ್ನು ಗೋಳು ಹೊಯ್ದುಕೊಳ್ಳುವುದಿಲ್ಲ.

ಆ ಹಾಡು ನಡೆಯಬೇಕಾದದ್ದೇ. ನೀನು ಓಡು, ನಾನು ನಡೆಯುತ್ತೇನೆ, ಜಗಳವಾಡೋಣ. ನನ್ನ ಜೇಬಿನಲ್ಲಿ ಯಾವಾಗಲೂ ರಬ್ಬರು ಇರುತ್ತದೆ, ಕೆಲಸದ ಚಾಳಿ. ನಿನ್ನ ಹಾಳೆಯ ಹತ್ತಿರ ಅದನ್ನು ತರುವುದಿಲ್ಲ, ಹೆದರಬೇಡ. ಕನ್ನಡಕದ ಮನೆ ಬಂದಾಗ ನಾನೂ ಅವತ್ತು ನಿನ್ನ ಕಮಾನನ್ನೇ ನೋಡಿದ್ದೆ. ಈ ಸಲ ಮುಖ ನೋಡುತ್ತೇನೆ.

ತಮ್ಮ